ಬಟನ್ ವೈರ್‌ಗಳ ಕಾಟ

ನಿನ್ನೆ ರಾತ್ರಿ ಕಂಪ್ಯೂಟರ್ ಜೋಡಿಸುವಾಗ ಪವರ್ ಸ್ವಿಚ್ಚಿನ ಪುಟ್ಟ ಕನೆಕ್ಟರ್ ಮದರ್‌ಬೋರ್ಡಿನ ಪಿನ್ನಿಂದ ಮತ್ತೆ ಕಳಚಿಕೊಂಡಾಗ ತಾಳ್ಮೆ ಪೂರ್ತಿ ಕೆಟ್ಟುಹೋಯಿತು.

ಮದರ್‌ಬೋರ್ಡಿಗೂ ಅದು ಕೂರುವ ಕೇಸಿಗೂ (ಹೊರಗಿನ ಡಬ್ಬಕ್ಕೂ) ಎಟಿಎಕ್ಸ್ ಅನ್ನೋ ಸ್ಟ್ಯಾಂಡರ್ಡ್ ಅಳತೆ ಬಂದಿದ್ದು 1995ರಲ್ಲಿ. ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ, ಸ್ಕ್ರೂ ತೂತು ಎಲ್ಲೆಲ್ಲಿ, ಎಲ್ಲಾ ನಿಗದಿ. ಹಾಗಾಗಿ ಯಾವ ಕಂಪನಿಯ ಎಟಿಎಕ್ಸ್ ಬೋರ್ಡ್ ತಂದರೂ ಎಟಿಎಕ್ಸ್ ಕೇಸಿನಲ್ಲಿ ಕೂರುತ್ತದೆ. ಮತ್ತೆ ಕೇಸಿನ ಮುಂಭಾಗದ ಬಟನ್‌ಗಳ ವೈರ್ ಮಾತ್ರ ಯಾಕೆ ಹೀಗೆ? ಪವರ್‌ಗೆ ಒಂದು, ರೀಸೆಟ್‌ಗೆ ಒಂದು, ಡಿಸ್ಕ್ ದೀಪಕ್ಕೆ ಒಂದು. ಪವರ್ ದೀಪಕ್ಕಂತೂ ಎಷ್ಟೋ ಕೇಸ್‌ಗಳಲ್ಲಿ ಪ್ಲಸ್ ಬೇರೆ, ಮೈನಸ್ ಬೇರೆ! ಇವಿಷ್ಟೂ ಸಿಕ್ಕಿಸಬೇಕಾಗಿರುವುದು ಬೋರ್ಡಿನ ಕೆಳಗಿನ ಮೂಲೆಯಲ್ಲಿ. ಅಲ್ಲಿ ಬೆರಳೂ ತೂರಲ್ಲ, ಬೆಳಕೂ ಬೀಳಲ್ಲ. ಪಕ್ಕದಲ್ಲಿ ಅಚ್ಚಾದ ಅಕ್ಷರ ಸಾಸಿವೆ ಕಾಳಿನಷ್ಟು. ಮೊದಲ ವೈರ್ ಹಾಕಿದ ಕೂಡಲೇ ಅದೂ ಮುಚ್ಚಿಹೋಗುತ್ತದೆ. ಒಂದನ್ನು ಒತ್ತಿದರೆ ಪಕ್ಕದ್ದು ಮೇಲೇಳುತ್ತದೆ. ಸ್ವಿಚ್ ವೈರ್ ಹೇಗೆ ಹಾಕಿದರೂ ನಡೆಯುತ್ತದೆ, ದೀಪದ್ದು ಉಲ್ಟಾ ಆದರೆ ಉರಿಯಲ್ಲ. ಇಷ್ಟನ್ನಾದರೂ ಕೇಸ್ ಜೊತೆ ಬರುವ ಚೀಟಿಯಲ್ಲಿ ಬರೆಯಬಾರದಾ?



ಅದೇ ಮುಂಭಾಗದ ಯುಎಸ್‌ಬಿ ವೈರ್ ನೋಡಿ. ಒಂದೇ ತುಂಡು, ಒಂದೇ ದಿಕ್ಕು, ಒತ್ತಿದರೆ ಮುಗೀತು. ಸಾವಿರಾರು ರೂಪಾಯಿ ತಗೊಂಡು ಬಟನ್‌ಗಳಿಗೂ ಹಾಗೇ ಮಾಡಿಕೊಡೋಕೆ ಈ ಕೇಸ್, ಬೋರ್ಡ್ ಕಂಪನಿಗಳಿಗೆಲ್ಲ ಏನು ಧಾಡಿ?