ಮೊದಲು ಫ್ಯಾನ್ ನೋಡಬೇಕಿತ್ತು

ವಿದ್ಯುತ್ ಕುಂದುತ್ತಿರುವ ಬಾಹ್ಯಾಕಾಶ ನೌಕೆ, ಮಲಗಿದಲ್ಲೇ ಗಾಯವಿಲ್ಲದೆ ಸತ್ತ ಸಹಯಾತ್ರಿ, ಒಬ್ಬರನ್ನೊಬ್ಬರು ಅನುಮಾನಿಸುವ ಉಳಿದ ನಾಲ್ವರು. ಈ ಕಥೆ ನನ್ನನ್ನು ರಾತ್ರಿಯಿಡೀ ಕಾಡಿತು. ಆದರೆ ಸಾವಿಗೂ ವಿದ್ಯುತ್ತಿಗೂ ನಂಟಿರಬಹುದೆಂದು ಅವರಲ್ಲಿ ಯಾರಿಗೂ ಹೊಳೆಯದಿರುವುದನ್ನು ಒಪ್ಪಲಾರೆ.

ಅವರು ತೇಲುತ್ತಿದ್ದಾರೆ, ಅಂದರೆ ಅಲ್ಲಿ ತೂಕವಿಲ್ಲ. ತೂಕವಿಲ್ಲದ ಕಡೆ ಬಿಸಿ ಗಾಳಿ ಮೇಲೇರುವುದಿಲ್ಲ. ಫ್ಯಾನ್ ನಿಂತರೆ ಬಿಟ್ಟ ಉಸಿರು ಮುಖದ ಸುತ್ತಲೇ ಕಟ್ಟಿಕೊಳ್ಳುತ್ತದೆ. ನಿದ್ದೆಯಲ್ಲಿರುವವನು ಅದೇ ಇಂಗಾಲದ ಡೈಆಕ್ಸೈಡನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಾನೆ. 1985ರಲ್ಲಿ ವಿದ್ಯುತ್ ಪೂರ್ತಿ ಹೋಗಿ ಹೆಪ್ಪುಗಟ್ಟಿದ್ದ ಸಾಲ್ಯುತ್-7 ಎಂಬ ಸೋವಿಯತ್ ಬಾಹ್ಯಾಕಾಶ ನಿಲ್ದಾಣದೊಳಗೆ ಕೆಲಸ ಮಾಡಿದ ಗಗನಯಾತ್ರಿಗಳಾದ ಜಾನಿಬೆಕೊವ್ ಮತ್ತು ಸವಿನಿಖ್ ಎದುರಿಸಿದ ಅಪಾಯಗಳಲ್ಲಿ ಇದೂ ಒಂದು. ಬ್ಯಾಟರಿಗಳನ್ನು ನೇರವಾಗಿ ಸೌರಫಲಕಗಳಿಗೆ ಜೋಡಿಸಿ ಅವರು ನಿಲ್ದಾಣಕ್ಕೆ ಜೀವ ತುಂಬಿದರು. ಎಂಥ ಎದೆಗಾರಿಕೆ!

1971ರಲ್ಲಿ ಸೋಯುಜ್-11 ಎಂಬ ಸೋವಿಯತ್ ನೌಕೆ ಸುರಕ್ಷಿತವಾಗಿಯೇ ನೆಲಕ್ಕಿಳಿದಿತ್ತು, ಒಳಗಿದ್ದ ಮೂವರೂ ಬದುಕಿರಲಿಲ್ಲ. ಕಾರಣ, ಹೊತ್ತಿಗೆ ಮುಂಚೆ ತೆರೆದುಕೊಂಡು ಒಳಗಿನ ಗಾಳಿಯನ್ನು ಹೊರಬಿಟ್ಟ ಒಂದು ಕವಾಟ.

ಹಾಗಿರುವಾಗ ಗೆಳೆಯರ ಮೇಲೆ ಕೊಲೆ ಹೊರಿಸುವ ಮೊದಲು, ಸತ್ತವನ ತಲೆಯ ಬಳಿಯ ಗಾಳಿಕಿಂಡಿಗೆ ಒಬ್ಬರಾದರೂ ಅಂಗೈ ಒಡ್ಡಿ ನೋಡಬಾರದಿತ್ತೇ?