ಮೂರಡಿ ಕೌಲಿಯೂ ನನ್ನ ಸಹಜ ಕೃಷಿಯೂ

ನಮ್ಮ ದನ ಕೌಲಿಯ ಎತ್ತರ ಹೆಚ್ಚುಕಡಿಮೆ ಮೂರಡಿ. ಟೇಪು ಹಿಡಿದು ಅಳೆದದ್ದಲ್ಲ, ಅಳೆಯಲು ಅವಳು ಬಿಟ್ಟಿಲ್ಲ. ಒದ್ದಾಗ ನನ್ನ ಕಾಲಿಗೆ ಪೆಟ್ಟು ಬೀಳುವ ಜಾಗ ನೋಡಿ ಅಂದಾಜು ಮಾಡಿದ್ದು.

ಸಾಗರದ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಬೆಂಗಳೂರಿನ ಕೆಲಸ ಬಿಟ್ಟು ಬಂದ ವರ್ಷ ನನ್ನ ಬಾಯಲ್ಲಿ ಒಂದೇ ಮಾತು, ‘ಸಹಜ’. ಸಹಜ ಕೃಷಿ, ಸಹಜ ಗೊಬ್ಬರ, ಸಹಜ ಹಾಲು. ತೋಟದಲ್ಲಿ ಕಳೆ ಎದೆಮಟ್ಟ ಬೆಳೆದಾಗಲೂ ಸಹಜ ಎಂದೇ ಹೇಳಿದ್ದೆ. ಅಂಥವನ ಕೊಟ್ಟಿಗೆಗೆ ಜರ್ಸಿ ಹೊಂದುತ್ತದೆಯೇ? ಮಲೆನಾಡು ಗಿಡ್ಡ ತಳಿಯ ದನವೇ ಆಗಬೇಕು.

ಗಿಡ್ಡದ ಬಗ್ಗೆ ಜಾಸ್ತಿಯೇ ಓದಿಕೊಂಡಿದ್ದೆ. 2012ರಲ್ಲಿ ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿತು. ಅದಕ್ಕೂ ಮೊದಲು, ಅಜ್ಜನ ಕಾಲದಿಂದಲೂ, ಅದು ಸುಮ್ನೆ ‘ಊರದನ’. ವರ್ಷಕ್ಕೊಂದು ಕರು ಹಾಕುತ್ತದೆಂದು ‘ವರ್ಷಗಂಧಿ’ ಅನ್ನುವವರೂ ಉಂಟು. ಜಡಿಮಳೆಗೆ ಜಗ್ಗುವುದಿಲ್ಲ. ಗುಡ್ಡ ಹತ್ತುತ್ತದೆ. ಹಾಲು ದಿನಕ್ಕೆ ಒಂದೆರಡು ಲೀಟರ್. ಹಿಂಡಿಗೆಂದು ಸಾಲ ಮಾಡಬೇಕಿಲ್ಲ, ಸಿಕ್ಕಿದ್ದು ತಿಂದು ಬದುಕುತ್ತದೆ. ಯಾರ ಮನೆಯಲ್ಲಿ ಸಿಕ್ಕಿದ್ದು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಹೊಸನಗರದ ಕಡೆಯ ಒಬ್ಬ ಅಜ್ಜಿ, ಮೊಣಕಾಲು ನೋವು ತಡೆಯಲಾಗದೆ, ಕೌಲಿಯನ್ನೂ ಅವಳ ಕರುವನ್ನೂ ನಮಗೆ ಕೊಟ್ಟರು. ‘ಬಹಳ ಸಾಧು’ ಅಂದರು. ಗೂಡ್ಸ್ ಆಟೋದಲ್ಲಿ ಕೌಲಿ ದಾರಿಯುದ್ದಕ್ಕೂ ಹಿಂದೆ ಬರುತ್ತಿದ್ದ ನನ್ನ ಬೈಕನ್ನೇ ನೋಡುತ್ತಿದ್ದಳು. ಪ್ರೀತಿಯಿಂದ ನೋಡುತ್ತಿದ್ದಾಳೆ ಅಂದುಕೊಂಡಿದ್ದೆ.

ಬೇಲಿ ನಾನೇ ಕಟ್ಟಿದ್ದೆ. ಹಾರಬಾರದೆಂದು ಎದೆಮಟ್ಟಕ್ಕೆ ಬಿದಿರಿನ ಗಳ. ಕೌಲಿ ಬಂದಳು, ನೋಡಿದಳು, ತಲೆ ತಗ್ಗಿಸಿ ಅಡಿಯಿಂದ ನುಸುಳಿದಳು. ಮೇಲಿನ ಗಳವನ್ನೇ ಬಿಚ್ಚಿ ಕೆಳಗೆ ಕಟ್ಟಿದೆ. ಈಗ ಹಾರಿದಳು. ಬೇಲಿಯ ಬಾಗಿಲಾದ ದಣಪೆಯ ಗಳವನ್ನು ಕೋಡಿನಿಂದ ಸರಿಸುವುದನ್ನು ಮೂರನೇ ದಿನಕ್ಕೆ ಕಲಿತಳು. ಹೋದದ್ದು ಪಕ್ಕದ ಮನೆ ಮಾವನ ಅಲಸಂದೆ ಚಪ್ಪರಕ್ಕೆ. ಮಾವ ಬಂದು ಬೇಲಿಯನ್ನು ಒಂದು ಸುತ್ತು ನೋಡಿದರು.

‘ಬೇಲಿ ಚೊಲೋ ಇದ್ದು ಮಾಣಿ. ನಿಂಗಂತೂ ದಾಟಲೆ ಆಗ್ತಿಲ್ಲೆ.’

ಸಹಜ ಕೃಷಿಯ ದ್ರವ ಗೊಬ್ಬರ ಜೀವಾಮೃತದ ಕತೆ ಬೇರೆ. ಅದನ್ನು ಹೇಳಿಕೊಟ್ಟ ಸುಭಾಷ್ ಪಾಳೇಕರ್ ಅವರ ಲೆಕ್ಕ ಸರಳ. ಎಕರೆಗೆ 200 ಲೀಟರ್ ನೀರು, 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಮಣ್ಣು ಕೂಡಲೇ ಸಿಕ್ಕಿತು. ಗಂಜಲಕ್ಕೆ ಬೆಳಿಗ್ಗೆ ಐದಕ್ಕೆ ಬಕೆಟ್ ಹಿಡಿದು ಅವಳ ಹಿಂದೆ ನಿಂತೆ. ಅವಳು ಮೆಲುಕು ಹಾಕುತ್ತಾ ನಿಂತಳು. ಮುಕ್ಕಾಲು ಗಂಟೆ ಕಳೆಯಿತು. ಬಕೆಟ್ ಕೆಳಗಿಟ್ಟು ಒಮ್ಮೆ ಆಕಳಿಸಿದೆ, ಅಷ್ಟೇ. ನನ್ನ ಎರಡೂ ಪಾದಕ್ಕೆ ಸಹಜ ಕೃಷಿಯಾಯಿತು.

ಸಗಣಿಯನ್ನಂತೂ ಅವಳು ಹಗಲೆಲ್ಲಾ ಬೆಟ್ಟಕ್ಕೇ ದಾನ ಮಾಡಿ ಬರುತ್ತಿದ್ದಳು. ಬುಟ್ಟಿ ಹಿಡಿದು ಬೆನ್ನು ಹತ್ತಿದೆ. ಹಾಗೆ ಹೋಗುವಾಗ ಆರೋಗ್ಯ ಇಲಾಖೆಯವರು ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಮೆತ್ತಿಕೊಂಡೇ ಹೋಗುತ್ತೇನೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಇರುವುದು ಪಕ್ಕದ ಸೊರಬ ತಾಲ್ಲೂಕಿನಲ್ಲಿ. ಉಣುಗಿನ ವಿಷಯದಲ್ಲಿ ನನಗೆ ಯಾವ ಸಹಜವೂ ಬೇಡ.

ಅಂತೂ ನಾಲ್ಕು ದಿನಕ್ಕೆ ಎಲ್ಲಾ ಒಟ್ಟಾಯಿತು. ಬೆಲ್ಲ ಅಂದರೆ ನಮ್ಮಲ್ಲಿ ನೀರಾಗಿರುವ ಜೋನಿ ಬೆಲ್ಲ. ಡಬ್ಬಿಯ ಮುಚ್ಚಳ ತೆಗೆದಿಟ್ಟು ಕೋಲು ತರಲು ಹೋದೆ. ಬರುವಷ್ಟರಲ್ಲಿ ಅಂಗಳದಲ್ಲಿ ಒಂದು ಡಬ್ಬಿ ನಾಲ್ಕು ಕಾಲಿನಲ್ಲಿ ಓಡುತ್ತಿತ್ತು. ಕೌಲಿಯ ಮೂತಿ ಒಳಗೆ ಸಿಕ್ಕಿಕೊಂಡಿತ್ತು. ತುಳಸಿ ಕಟ್ಟೆಗೆ ಒಂದು ಸುತ್ತು, ಬಟ್ಟೆ ಒಣಹಾಕಿದ ತಂತಿಯ ಕೆಳಗೆ ಒಂದು ಸುತ್ತು. ನನ್ನ ಪಂಚೆ ಅವಳ ಕೋಡಿಗೇರಿತು. ನಾನೂ ಹೆಂಡತಿಯೂ ಸೇರಿ ಡಬ್ಬಿ ಕಿತ್ತಾಗ ಒಳಗೆ ಬೆಲ್ಲ ಇರಲಿಲ್ಲ, ಚೆನ್ನಾಗಿ ನೆಕ್ಕಿ ತೊಳೆದಂತಿತ್ತು. ಆ ಸಲದ ಜೀವಾಮೃತ ನೇರವಾಗಿ ಅವಳ ಹೊಟ್ಟೆಯಲ್ಲೇ ತಯಾರಾಯಿತು.

ಇದೆಲ್ಲಾ ಸಹಿಸಬಹುದು. ಹಾಲಿನದ್ದೇ ದೊಡ್ಡ ಗೋಳು. ಎರಡು ಮೊಲೆ ಕರುವಿಗೆ, ಎರಡು ನಮಗೆ ಎಂದು ಧರ್ಮದ ಲೆಕ್ಕ ಹಾಕಿದ್ದೆ. ಮೊದಲು ಕರು ಬಿಡುತ್ತಿದ್ದೆ. ಕುತ್ತಿಗೆ ಸವರುತ್ತಿದ್ದೆ. ‘ಬಾರೇ ಪುಟ್ಟಿ, ನನ್ನ ಬಂಗಾರಿ’ ಎಂದು, ಮದುವೆಯಾದ ಹೊಸತರಲ್ಲೂ ಯಾರಿಗೂ ಹೇಳದ ಮಾತೆಲ್ಲಾ ಹೇಳುತ್ತಿದ್ದೆ. ಸೊರೆ ಬಿಡುತ್ತಿರಲಿಲ್ಲ. ಒಂದು ಲೋಟ ಇಳಿಸಿ, ಚೊಂಬಿಗೊಂದು ಒದೆ, ನನಗೊಂದು ಒದೆ. ಲೆಕ್ಕದಲ್ಲಿ ಅವಳೂ ಧರ್ಮವಂತೆಯೇ.

ಹನ್ನೊಂದನೇ ದಿನ ಕರೆಯಲು ಕೂತಾಗ ಪಂಪ್ ರಿಪೇರಿಯವನ ಫೋನ್ ಬಂತು. ‘ನಾಳೆ ಗ್ಯಾರಂಟಿ ಬರ್ತೀನಿ ಸಾರ್.’ ಇದು ಅವನ ಒಂಬತ್ತನೇ ನಾಳೆ. ನನಗೆ ರೇಗಿತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಕೈ ಬಿಡದೆ, ಬಾಯಿಗೆ ಬಂದಂತೆ ಬೈದೆ. ಅವನು ಫೋನಿಟ್ಟ ಮೇಲೂ ನಿಲ್ಲಿಸಲಿಲ್ಲ. ಮುಗಿಸಿ ನೋಡಿದರೆ ಚೊಂಬಿನಲ್ಲಿ ನೊರೆ ಉಕ್ಕುತ್ತಿದೆ! ಕೌಲಿ ಕಣ್ಣು ಅರೆಮುಚ್ಚಿ, ದೇವರ ಪೂಜೆಗೆ ನಿಂತವಳ ಹಾಗೆ ನಿಂತಿದ್ದಾಳೆ.

ಏನಿದರ ಗುಟ್ಟು ಎಂದು ಅಜ್ಜಿಯ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಸೊಸೆ. ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದನಿ ತಗ್ಗಿಸಿ, ‘ಅತ್ತೆ ಹಾಲು ಕರೆಯುವಾಗ ದಿನಾ ನನ್ನನ್ನ ಬೈತಿದ್ರು. ಕೊಟ್ಟಿಗೆಯಿಂದ ಒಳಗೆ ಕೇಳಿಸಲ್ಲ ಅಂದ್ಕೊಂಡಿದ್ರು’ ಅಂದರು. ದನ ಕೊಟ್ಟ ಮೇಲೆ ಮನೆಯಲ್ಲಿ ಹೇಗಿದೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಲ್ಲಿಂದ ನನ್ನ ಸಿಟ್ಟನ್ನೆಲ್ಲಾ ಬೆಳಗಿನ ಆರು ಗಂಟೆಗೆ ಕೂಡಿಡತೊಡಗಿದೆ. ಅಡಿಕೆ ರೇಟು ಬಿದ್ದದ್ದು, ಮಂಗಗಳು ಬಾಳೆಗೊನೆ ಕಿತ್ತದ್ದು, ಹಳೆಯ ಮ್ಯಾನೇಜರು ರಜೆ ಕೊಡದ್ದು. ಹಳೆಯ ಸಿಟ್ಟಿಗೆ ಹಾಲು ಕಡಿಮೆ, ಹೊಸತಿಗೆ ಜಾಸ್ತಿ. ಇದು ಯಾವ ಪಶು ವೈದ್ಯರೂ ಹೇಳದ ವಿಷಯ.

ಎರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಪಕ್ಕದ ಮನೆ ಮಾವ ಹೊಸ ಪಂಚೆ ಉಟ್ಟು, ಜಗಲಿಯಲ್ಲಿ ಗಂಭೀರವಾಗಿ ಕೂತರು. ಕವಳ ಹಾಕಿದರು. ಉಗಿದು ಬಂದರು. ಕೊನೆಗೆ ‘ಮಾಣಿ, ಸಂಸಾರ ಅಂದ್ಮೇಲೆ ಇದೆಲ್ಲಾ ಇದ್ದದ್ದೇ. ಆದ್ರೂ ದಿನಾ ಬೆಳಗಾಗೆದ್ದು ಆ ಕೂಸಿನ ಮೇಲೆ ಹಂಗೆ ಕೂಗಲಾಗ’ ಅಂದರು. ಬಾಗಿಲಲ್ಲಿ ನಿಂತಿದ್ದ ಆ ‘ಕೂಸು’, ನನ್ನ ಹೆಂಡತಿ, ಅದು ದನಕ್ಕೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ನಗು ಎಂದು ಮಾವನಿಗೆ ನಾನು ಎಷ್ಟು ಹೇಳಿದರೂ ನಂಬಿಕೆ ಬರಲಿಲ್ಲ.

ಮರುದಿನ ಚೊಂಬು ಅವಳೇ ತೆಗೆದುಕೊಂಡಳು. ‘ಇವತ್ತು ನಾನು ಕರೀತೀನಿ, ನೀವು ಒಳಗಿರಿ.’ ಒಳಗಿದ್ದೆ. ಕೊಟ್ಟಿಗೆಯಿಂದ ಸಣ್ಣ ದನಿಯಲ್ಲಿ, ಒಂದೇ ಸಮನೆ, ಏನೋ ಹರಿದು ಬರುತ್ತಿತ್ತು. ಮಾತು ಬಿಡಿಸಿ ಕೇಳಿಸಲಿಲ್ಲ. ನನ್ನ ಹೆಸರು ಒಂದೆರಡು ಸಲ ಕೇಳಿಸಿದಂತಾಯಿತು. ಜೋನಿ ಬೆಲ್ಲ, ಬೆಂಗಳೂರು ಎಂಬ ಪದಗಳೂ.

ಚೊಂಬು ಸಾಲದೆ ಪಾತ್ರೆ ತಂದುಕೊಂಡಳು. ಅಳೆದರೆ ಎರಡು ಲೀಟರ್ ದಾಟಿತ್ತು.

‘ಏನು ಬೈದೆ?’ ಎಂದು ಕೇಳಿದೆ.

‘ಎಲ್ಲಾ ಎಲ್ಲಿ ಆಯ್ತು? ಅರ್ಧ ಸಂಜೆಗೆ ಉಳಿಸಿಕೊಂಡಿದ್ದೀನಿ’ ಎಂದು ಹೇಳಿ ಕಾಫಿಗೆ ನೀರಿಟ್ಟಳು.