ಅಂದ್ರೆ?

ಇವತ್ತು ಬೆಳಗ್ಗೆ ಮನೆಯಲ್ಲಿ ಉಪ್ಪಿಟ್ಟು. ಒಂದು ತುತ್ತು ಬಾಯಿಗಿಟ್ಟೆ, ಉಪ್ಪೇ ಇಲ್ಲ. ಬೇರೆಯವರಾಗಿದ್ದರೆ ಸುಮ್ನೆ ಉಪ್ಪಿನ ಡಬ್ಬಿ ಕೇಳುತ್ತಿದ್ದರೇನೋ. ನನಗೆ ಮಾತ್ರ ಲಾಟರಿ ಹೊಡೆದಷ್ಟು ಖುಷಿ.

"ಇದು ಉಪ್ಪಿಟ್ಟಲ್ಲ ಕಣೇ, ಉಪ್ಬಿಟ್ಟು!"

ಹೆಂಡತಿ ಸೌಟು ಹಿಡಿದೇ ದುರುಗುಟ್ಟಿ ನೋಡಿದಳು. ಅದು ಸರಿ, ಪನ್ನಿಗೆ ಸಿಗುವ ಕೂಲಿಯೇ ಅದು. "ಥೂ" ಅಂದಿದ್ದರೆ ಬೋನಸ್. ತಡೆಯಲಾಗದ್ದು ಪಕ್ಕದಲ್ಲಿ ಕೂತಿದ್ದ ಭಾವನ ಪ್ರಶ್ನೆ.

"ಅಂದ್ರೆ?"

ಅಕ್ಕನ ಮದುವೆಯಾದಾಗಿನಿಂದ ಇದೇ ಕಥೆ. ನಾನು ಏನೇ ಹೇಳಲಿ, ಅವರು ತಿನ್ನುವುದನ್ನು ನಿಲ್ಲಿಸಿ, ಕನ್ನಡಕ ಮೇಲೇರಿಸಿ, ಬಹಳ ಶ್ರದ್ಧೆಯಿಂದ "ಅಂದ್ರೆ?" ಅನ್ನುತ್ತಾರೆ. ಒಮ್ಮೆ ಅಕ್ಕ ಒಬ್ಬಳೇ ತವರಿಗೆ ಬಂದಾಗ "ಏನಕ್ಕ, ಈ ಸಲ ಅಭಾವ?" ಅಂದಿದ್ದೆ. ಅವಳು ಅದನ್ನು ಮನೆಗೆ ಹೋಗಿ ಹೇಳಿದ್ದಾಳೆ. ರಾತ್ರಿ ಹತ್ತಕ್ಕೆ ಫೋನು. "ಅಂದ್ರೆ? ದುಡ್ಡೇನಾದ್ರೂ ಬೇಕಿತ್ತೇನೋ?"

ಇವತ್ತೂ ಬಿಡಿಸಿ ಹೇಳಿದೆ. ಉಪ್ಪು ಇಟ್ಟರೆ ಉಪ್ಪಿಟ್ಟು, ಲೋಪಸಂಧಿ. ಇಲ್ಲಿ ಉಪ್ಪೇ ಲೋಪ, ಆದ್ದರಿಂದ ಉಪ್ಬಿಟ್ಟು. ಭಾವ ಸ್ವಲ್ಪ ಹೊತ್ತು ಯೋಚಿಸಿದರು. "ಅದು ಇಟ್ಟು ಅಲ್ಲ ಕಣೋ, ಹಿಟ್ಟು. ಉಪ್ಪು, ಹಿಟ್ಟು."

ಅಷ್ಟು ಹೊತ್ತಿಗೆ ತಟ್ಟೆಯೂ ತಣ್ಣಗೆ, ಪನ್ನೂ ತಣ್ಣಗೆ. ನಾ. ಕಸ್ತೂರಿಯವರು ಪದಗಳಿಗೆ ಅಡ್ಡ ಅರ್ಥ ಕಟ್ಟಿ 'ಅನರ್ಥಕೋಶ' ಅಂತ ಪುಸ್ತಕವನ್ನೇ ಮಾಡಿದರು. ಪಕ್ಕದಲ್ಲಿ ನಮ್ಮ ಭಾವ ಇದ್ದಿದ್ದರೆ 'ಅ' ಅಕ್ಷರವೂ ದಾಟುತ್ತಿರಲಿಲ್ಲ.

ದೊಡ್ಡಪ್ಪ ಇದ್ದಿದ್ದರೆ ಮಾತಿಗೆ ಮಾತು ಬಂದಿರೋದು. ಮಳೆಗಾಲದಲ್ಲಿ ಸ್ಕೂಲಿಗೆ ಹೊರಟು "ದೊಡ್ಡಪ್ಪ, ಕೊಡೆ ಕೊಡಿ" ಅಂದರೆ, "ಕೊಡೆ" ಅನ್ನುತ್ತಲೇ ಕೈಗಿಡುತ್ತಿದ್ದರು. ದಿನಾ ಅದೇ ಜೋಕು, ದಿನಾ ಇಬ್ಬರಿಗೂ ನಗು. ಆ ಕೊಡೆ ಈಗ ನಮ್ಮ ಅಟ್ಟದ ಮೇಲಿದೆ. ಎರಡು ಕಡ್ಡಿ ಮುರಿದಿದೆ, ಬಟ್ಟೆ ತೂತಾಗಿದೆ. ಯಾರು ಕೇಳಿದರೂ ಕೊಡೆ.

ಉಪ್ಬಿಟ್ಟಿನ ಶಿಕ್ಷೆಯಾಗಿ ಕಾಫಿ ಮಾಡುವ ಕೆಲಸ ನನಗೇ ಬಿತ್ತು. ಮೂರು ಲೋಟ ತಂದಿಟ್ಟು, ಪೇಪರಿನಲ್ಲಿ ಮುಳುಗಿದ್ದ ಭಾವನಿಗೆ "ಬೇಗ ಕುಡೀರಿ ಭಾವ, ಕಾಫಿ ಆಗಲೇ ಆರಿದೆ" ಅಂದೆ.

ಭಾವ ಪೇಪರ್ ಇಳಿಸಿ ಲೋಟಗಳನ್ನು ನೋಡಿದರು. "ಆರೆಲ್ಲಿದೆಯೋ? ಮೂರೇ ಇದೆಯಲ್ಲ."

ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಪನ್ನೋ, ಲೆಕ್ಕವೋ? ಕೇಳೋಣ ಅಂದರೆ ನಾಲಿಗೆ ತುದಿಗೆ ಬಂದದ್ದು ಅದೇ ಹಾಳು ಮಾತು. ಕಾಫಿ ಜೊತೆ ನುಂಗಿಕೊಂಡೆ.